ಟಿಕೆಟ್ ಹರಿದ ಮೇಲೆ ನಾವು ಯಾರು?

ಇವತ್ತು ರಾಜಕೀಯ ಇಲ್ಲ. ಸಂಪುಟ ವಿಸ್ತರಣೆ ಇಲ್ಲ, ಯಾರು ಯಾರಿಗೆ ಏನಂತ ಬೈದರು ಅನ್ನೋದೂ ಇಲ್ಲ. ಇವತ್ತು ಒಂದು ಲೆಕ್ಕ. ಓದಿದ್ದು ಇಂಜಿನಿಯರಿಂಗ್, ಮಾಡ್ತಿರೋದು ಆ್ಯಂಕರಿಂಗ್. ಆದರೂ ಕೂಡೋದು ಕಳೆಯೋದು ಇನ್ನೂ ಮರೆತಿಲ್ಲ. ಹತ್ತಿರ ಪೆನ್ನು ಇದ್ರೆ ಹಿಡ್ಕೊಳ್ಳಿ.

ಹಂಪಿ 40 ರೂಪಾಯಿ. ಪಟ್ಟದಕಲ್ಲು 40. ಬಾದಾಮಿ ಗುಹೆಗಳು 25. ಐಹೊಳೆಯ ದುರ್ಗ ಗುಡಿ 25. ವಿಜಯಪುರದ ಗೋಳಗುಮ್ಮಟ 25, ಇಬ್ರಾಹಿಂ ರೋಜಾ 25. ಚಿತ್ರದುರ್ಗದ ಕೋಟೆ 25. ಶ್ರೀರಂಗಪಟ್ಟಣದ ದರಿಯಾ ದೌಲತ್ 25. ಬೆಂಗಳೂರಿನ ಟಿಪ್ಪು ಅರಮನೆ 25. ಕೇಂದ್ರ ಪುರಾತತ್ವ ಇಲಾಖೆ, ಅಂದ್ರೆ ಎಎಸ್‌ಐ, 2018ರಲ್ಲಿ ಪರಿಷ್ಕರಿಸಿದ ದರ ಇದು. ಆನ್‌ಲೈನ್‌ನಲ್ಲಿ ತಗೊಂಡ್ರೆ ಇನ್ನೂ 5 ರೂಪಾಯಿ ಕಡಿಮೆ. ಕೂಡಿದ್ರಾ? 255 ರೂಪಾಯಿ. ಚಾಲುಕ್ಯರಿಂದ ಹಿಡಿದು ಟಿಪ್ಪುವರೆಗೆ ಸಾವಿರದ ಇನ್ನೂರು ವರ್ಷದ ಕರ್ನಾಟಕ, ಒಬ್ಬರಿಗೆ 255 ರೂಪಾಯಿ. ಮಲ್ಟಿಪ್ಲೆಕ್ಸ್‌ನಲ್ಲಿ ಈ ದುಡ್ಡಿಗೆ ಒಂದು ದೊಡ್ಡ ಡಬ್ಬ ಪಾಪ್‌ಕಾರ್ನ್ ಕೊಡ್ತಾರಾ ಅಂತ ನೀವೇ ಹೇಳಿ. ಹದಿನೈದು ವರ್ಷದೊಳಗಿನ ಮಕ್ಕಳಿಗಂತೂ ಟಿಕೆಟ್ಟೇ ಇಲ್ಲ.

ಇದೇ ಒಂಬತ್ತು ಜಾಗ ವಿದೇಶಿ ಪ್ರವಾಸಿಗೆ 3,300 ರೂಪಾಯಿ ಆಗುತ್ತೆ. ಅವರಿಗೆ ಹಂಪಿ, ಪಟ್ಟದಕಲ್ಲಿಗೆ ತಲಾ 600, ಉಳಿದದ್ದಕ್ಕೆ ತಲಾ 300. ಆ ಚರ್ಚೆ ಬೇರೆ, ಇವತ್ತು ಬೇಡ.

ಹಾಗಾದ್ರೆ ಸಮಸ್ಯೆ ಏನಪ್ಪಾ, ಇಷ್ಟು ಅಗ್ಗ ಇದೆಯಲ್ಲ ಅಂತೀರಾ. ಅಗ್ಗವೇ. ಬೆಂಗಳೂರಿನಿಂದ ಗಂಡ, ಹೆಂಡತಿ, ಎರಡು ಮಕ್ಕಳು ಹಂಪಿಗೆ ಹೊರಟ್ರೆ ಟೋಲ್, ಡೀಸೆಲ್, ಹೊಸಪೇಟೆಯಲ್ಲಿ ರೂಮು, ಗೈಡು, ಎಳನೀರು ಎಲ್ಲ ಸೇರಿ ಸಾವಿರಗಟ್ಟಲೆ ಹೋಗುತ್ತೆ. ಆ ಪಟ್ಟಿಯಲ್ಲಿ ಸ್ಮಾರಕದ ಟಿಕೆಟ್ 80 ರೂಪಾಯಿ. ಎಲ್ಲಕ್ಕಿಂತ ಸಣ್ಣ ಬಾಬ್ತು ಅದೇ. ಹಾಗಾಗಿ ನನ್ನ ಪ್ರಶ್ನೆ ದುಡ್ಡಿನದ್ದಲ್ಲ. ಆ 40 ರೂಪಾಯಿ ಕೊಟ್ಟ ಮೇಲೆ ನಮಗೂ ಹಂಪಿಗೂ ಏನು ಸಂಬಂಧ ಉಳಿಯುತ್ತೆ ಅನ್ನೋದು ಪ್ರಶ್ನೆ. ಹಂಪಿಯಲ್ಲಿ ಅದೇ ಟಿಕೆಟ್‌ನಲ್ಲಿ ವಿಠ್ಠಲ ದೇವಸ್ಥಾನವನ್ನೂ ನೋಡಬಹುದು, ಕಮಲ ಮಹಲ್, ಆನೆ ಲಾಯವನ್ನೂ ನೋಡಬಹುದು, ಕಮಲಾಪುರದ ಮ್ಯೂಸಿಯಂಗೂ ಹೋಗಬಹುದು. ಆದರೆ ಅವತ್ತೇ. ಸೂರ್ಯ ಮುಳುಗಿದ ಮೇಲೆ ಅದು ಬರೀ ಕಾಗದ. ಅದಕ್ಕೇ ನಾವು ಓಡ್ತೀವಿ. ಗೆಜ್ಜಲ ಮಂಟಪದ ಹತ್ತಿರ ಬ್ಯಾಟರಿ ಗಾಡಿಗೆ ಕ್ಯೂ ನಿಂತು, ಕಲ್ಲಿನ ರಥದ ಮುಂದೆ ಫೋಟೊ ಹೊಡೆದು, "ಬೇಗ ಬನ್ರೋ, ಮ್ಯೂಸಿಯಂ ಮುಚ್ತಾರೆ" ಅಂತ ಮಕ್ಕಳನ್ನ ಎಳ್ಕೊಂಡು ಓಡ್ತೀವಿ. ಆಮೇಲೆ ಹತ್ತು ವರ್ಷ ಆ ಕಡೆ ತಲೆ ಹಾಕಲ್ಲ. "ಹಂಪಿ ನೋಡಿದ್ದೀರಾ?" "ಓ, ನೋಡಾಗಿದೆ." ಎಷ್ಟು ಸಲ ಕೇಳಿದ್ದೀನಿ ಈ ಮಾತನ್ನ! ಸಿನಿಮಾ ನೋಡಾಗಿದೆ ಅಂದ ಹಾಗೆ.

ಇದನ್ನ ನಾನು ಯೋಚಿಸೋಕೆ ಶುರು ಮಾಡಿದ್ದು ಕರ್ನಾಟಕದಲ್ಲಲ್ಲ. ಕೆಲಸದ ಮೇಲೆ ಇಂಗ್ಲೆಂಡಿಗೆ ಹೋಗಿದ್ದಾಗ ನಾಲ್ಕು ದಿನ ರಜೆ ಸೇರಿಸ್ಕೊಂಡು ಬರ್ಮಿಂಗ್‌ಹ್ಯಾಮ್‌ನಲ್ಲಿರೋ ಗೆಳೆಯನ ಮನೆಯಲ್ಲಿ ಉಳಿದಿದ್ದೆ. ಕಾಲೇಜಲ್ಲಿ ನನ್ನ ಲ್ಯಾಬ್ ಪಾರ್ಟ್‌ನರ್. ಹಾಸನ ಜಿಲ್ಲೆಯವನು. ಓದೋ ಕಾಲಕ್ಕೆ ಹಾಸನದ ಬಸ್ ಸ್ಟ್ಯಾಂಡ್ ಬಿಟ್ರೆ ಇತಿಹಾಸಕ್ಕೂ ಅವನಿಗೂ ಆಗಿಬರ್ತಾ ಇರಲಿಲ್ಲ. ಅಂಥವನು ಭಾನುವಾರ ಬೆಳಗ್ಗೆ "ಬಾ ಮಗಾ, ಒಂದು ಗಂಟೆ ಕೋಟೆಗೆ ಹೋಗಿ ಬರೋಣ" ಅಂದ. ಒಂದು ಗಂಟೆ! ಕೋಟೆಗೆ! ನಾವು ಚಿತ್ರದುರ್ಗಕ್ಕೆ ಹೋಗಬೇಕಂದ್ರೆ ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಚಪಾತಿ ಕಟ್ಕೊಂಡು ಹೊರಡ್ತೀವಿ.

ಹೋಗಿದ್ದು ಕೆನಿಲ್‌ವರ್ತ್ ಅನ್ನೋ ಕೋಟೆಗೆ. ಅದೂ ಪಾಳು ಬಿದ್ದದ್ದೇ, ನಮ್ಮ ಹಂಪಿಯ ಹಾಗೆ. 1575ರಲ್ಲಿ ಮೊದಲನೇ ಎಲಿಜಬೆತ್ ರಾಣಿ ಹತ್ತೊಂಬತ್ತು ದಿನ ಅಲ್ಲಿ ತಂಗಿದ್ದಳು. ಅದಕ್ಕೆ ಹತ್ತು ವರ್ಷ ಮುಂಚೆ, 1565ರಲ್ಲಿ, ನಮ್ಮಲ್ಲಿ ರಕ್ಕಸತಂಗಡಿ ಯುದ್ಧ ಮುಗಿದು ವಿಜಯನಗರ ಸುಟ್ಟು ಹೋಗಿತ್ತು. ಗೆಳೆಯ ಗೇಟಿನಲ್ಲಿ ಒಂದು ಕಾರ್ಡ್ ತೋರಿಸಿದ. ಕೌಂಟರ್‌ನಲ್ಲಿದ್ದ ಅಜ್ಜಿ ಸ್ಕ್ಯಾನ್ ಮಾಡಿ ನಕ್ಕು ಒಳಗೆ ಬಿಟ್ಟರು. ನನಗೆ ಮಾತ್ರ ಟಿಕೆಟ್. ಒಳಗೆ ಹೋದವನು ಏನು ಮಾಡ್ದ ಗೊತ್ತಾ? ಏನೂ ಮಾಡಲಿಲ್ಲ. ಹುಲ್ಲಿನ ಮೇಲೆ ಕೂತ. ಮಗಳು ತನಗೆ ಗೊತ್ತಿರೋ ಕಿಟಕಿಯೊಂದರ ಹತ್ತಿರ ಓಡಿ ಹೋಗಿ ಅಲ್ಲಿಂದ ಕೈ ಬೀಸಿದಳು. "ಎಲ್ಲಾ ನೋಡಲ್ವೇನೋ?" ಅಂದೆ. "ಹೋದ ತಿಂಗಳು ಆ ಕಡೆ ನೋಡಿದ್ವಿ. ಇವತ್ತು ಬಿಸಿಲಿದೆ, ಕೂರೋಣ" ಅಂದ. ದುಡ್ಡು ಕೊಟ್ಟಾಗಿದೆ, ವಸೂಲಿ ಮಾಡಬೇಕು ಅನ್ನೋ ತರಾತುರಿ ಅವನಿಗಿರಲಿಲ್ಲ. ಟಿಕೆಟ್ ತಗೊಂಡ ನಾನು ಮಾತ್ರ ಗೋಪುರ, ತೋಟ, ಕುದುರೆ ಲಾಯ ಅಂತ ಒಬ್ಬನೇ ಸುತ್ತಿ ಬಂದೆ.

ಅವನ ಪರ್ಸ್‌ನಲ್ಲಿ ಎರಡು ಕಾರ್ಡ್ ಇವೆ. ಒಂದು ಇಂಗ್ಲಿಷ್ ಹೆರಿಟೇಜ್‌ದು. ಇನ್ನೊಂದು ನ್ಯಾಷನಲ್ ಟ್ರಸ್ಟ್‌ದು. ಎರಡರ ನಡುವಿನ ವ್ಯತ್ಯಾಸ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಮುಂದಿನ ಮಾತಿಗೆ ಅದು ಬೇಕು. ನ್ಯಾಷನಲ್ ಟ್ರಸ್ಟ್ ಸರ್ಕಾರದ್ದಲ್ಲ. 1895ರಲ್ಲಿ ಆಕ್ಟೇವಿಯಾ ಹಿಲ್ ಅನ್ನೋ ಹೆಣ್ಣುಮಗಳು, ಒಬ್ಬ ವಕೀಲರು, ಒಬ್ಬ ಪಾದ್ರಿ, ಹೀಗೆ ಮೂರು ಜನ ಸೇರಿ ಕಟ್ಟಿದ್ದು. ಇವತ್ತು 50 ಲಕ್ಷಕ್ಕೂ ಹೆಚ್ಚು ಸದಸ್ಯರಿದ್ದಾರೆ. ಹಳೇ ಬಂಗಲೆ, ತೋಟ, ಗುಡ್ಡ, ಸಮುದ್ರದ ದಂಡೆ, ಎಲ್ಲದರ ಒಡೆತನ ಆ ಟ್ರಸ್ಟ್‌ದು. ಇಂಗ್ಲಿಷ್ ಹೆರಿಟೇಜ್ ಕಥೆ ಬೇರೆ. ಅದು ಸರ್ಕಾರಿ ಸಂಸ್ಥೆಯಾಗಿತ್ತು. ನಾನೂರಕ್ಕೂ ಹೆಚ್ಚು ಸ್ಮಾರಕಗಳು ಅದರ ಕೈಯಲ್ಲಿದ್ವು, ಸ್ಟೋನ್‌ಹೆಂಜ್ ಸೇರಿ. 2015ರಲ್ಲಿ ಸರ್ಕಾರ 8 ಕೋಟಿ ಪೌಂಡ್ ಒಂದೇ ಸಲ ಕೊಟ್ಟು, "ಆಸ್ತಿ ನಮ್ಮದೇ ಇರಲಿ, ನೋಡ್ಕೊಳ್ಳೋದು ನೀವು, ಇನ್ನು ಮೇಲೆ ನಿಮ್ಮ ಕಾಲ ಮೇಲೆ ನೀವು ನಿಲ್ಲಿ" ಅಂತ ಅದನ್ನ ದತ್ತಿ ಸಂಸ್ಥೆ ಮಾಡಿಬಿಡ್ತು. ಕಾಲ ಮೇಲೆ ನಿಲ್ಲೋದು ಹೇಗೆ? ಸದಸ್ಯರ ದುಡ್ಡಿನಿಂದ, ಟಿಕೆಟ್‌ನಿಂದ, ಟೀ ಅಂಗಡಿಯಿಂದ.

ಈಗ ಖರ್ಚು. ಒಬ್ಬರಿಗೆ ಒಂದೊಂದು ಕಾರ್ಡ್ ವರ್ಷಕ್ಕೆ 100 ಪೌಂಡಿನ ಆಸುಪಾಸು. ಇವನು ಹೆಂಡತಿಯನ್ನೂ ಸೇರಿಸಿ ಎರಡೂ ಕಾರ್ಡ್ ಮಾಡಿಸಿದ್ದಾನೆ. ಎಲ್ಲ ಸೇರಿ ವರ್ಷಕ್ಕೆ 300 ಪೌಂಡ್ ಹತ್ತಿರ ಅಂದ. ನಮ್ಮ ದುಡ್ಡಲ್ಲಿ 30 ಸಾವಿರದ ಮೇಲಾಯ್ತು. ಕೇಳಿದ ತಕ್ಷಣ ನನ್ನ ತಲೆಯಲ್ಲಿ ಕ್ಯಾಲ್ಕುಲೇಟರ್ ಆನ್ ಆಯ್ತು. ಇಬ್ಬರು ದೊಡ್ಡವರಿಗೆ ಒಂದು ಜಾಗದ ಟಿಕೆಟ್ 30 ಪೌಂಡ್ ಅಂತ ಹಿಡಿದ್ರೆ, ಹತ್ತು ಸಲ ಹೋದ್ರೆ ಹಾಕಿದ ದುಡ್ಡು ವಾಪಸ್. ಸ್ಟೋನ್‌ಹೆಂಜ್‌ನಂಥ ಕಡೆ ಒಬ್ಬರಿಗೇ 25 ಪೌಂಡ್ ದಾಟುತ್ತೆ, ಅಲ್ಲಿಗೆ ಇನ್ನೂ ಬೇಗ. ಮಕ್ಕಳಿಗೆ ಬೇರೆ ದುಡ್ಡಿಲ್ಲ. ಇಂಗ್ಲಿಷ್ ಹೆರಿಟೇಜ್ ಕಾರ್ಡಿನಲ್ಲಿ ಒಬ್ಬ ಸದಸ್ಯನ ಜೊತೆ ಮನೆಯ ಆರು ಮಕ್ಕಳವರೆಗೂ ಹೋಗಬಹುದು. ನ್ಯಾಷನಲ್ ಟ್ರಸ್ಟ್ ಕಾರ್ಡಿದ್ರೆ ಅವರ ಬಹುತೇಕ ಜಾಗಗಳಲ್ಲಿ ಪಾರ್ಕಿಂಗ್ ಉಚಿತ. ಆ ದೇಶದಲ್ಲಿ ಪಾರ್ಕಿಂಗ್ ಎಷ್ಟು ಅಂತ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. "ವರ್ಷಕ್ಕೆ ಎಷ್ಟು ಸಲ ಹೋಗ್ತೀರಾ?" ಅಂತ ಅವನ ಹೆಂಡತಿಯನ್ನ ಕೇಳಿದೆ. "ಎಣಿಸಿಲ್ಲ ಅಣ್ಣಾ, ಮಳೆ ಬಿಟ್ಟಾಗೆಲ್ಲ" ಅಂದ್ರು.

ಕಾರ್ಡ್ ಮಾರೋದ್ರಲ್ಲೂ ಅವರು ಭಾರಿ ಚಾಣಾಕ್ಷರು. ನೀವು ಟಿಕೆಟ್ ತಗೊಳ್ಳೋಕೆ ಹೋಗ್ತೀರಿ. "ಇವತ್ತೇ ಸದಸ್ಯರಾದ್ರೆ ಈ ಟಿಕೆಟ್ ದುಡ್ಡು ಅದರಲ್ಲೇ ಮುರ್ಕೊಳ್ತೀವಿ" ಅಂತಾರೆ. ಅರ್ಧ ಜನ ಅಲ್ಲೇ ಬೀಳ್ತಾರೆ. ಮುಂದಿನ ವರ್ಷ ನೀವು ಮರೆತ್ರೂ ಬ್ಯಾಂಕ್ ಮರೆಯಲ್ಲ, ಖಾತೆಯಿಂದ ತಾನಾಗೇ ಕಟ್ ಆಗುತ್ತೆ. ನಮ್ಮ ಜಿಮ್ ಮೆಂಬರ್‌ಶಿಪ್ ಕಥೆನೇ. ಜನವರಿಯಲ್ಲಿ ಉತ್ಸಾಹ, ಮಾರ್ಚ್‌ನಲ್ಲಿ ನೆನಪು. ಕಾರ್ಡ್ ಇದೆ ಅಂತ ಹೋಗೋದು, ಹೋದ ಮೇಲೆ ಟೀ, ಅವರ ಸ್ಕೋನ್ ಅನ್ನೋ ಬನ್ನು, ಮಕ್ಕಳಿಗೆ ಗಿಫ್ಟ್ ಶಾಪ್‌ನ ಮರದ ಕತ್ತಿ. ಗೇಟಿನಲ್ಲಿ ಉಳಿಸಿದ್ದು ಕೆಫೆಯಲ್ಲಿ ಹೋಗುತ್ತೆ. ಗೆಳೆಯನ ಮನೆಯಲ್ಲಿ ಮೂರು ಮರದ ಕತ್ತಿ ಇವೆ, ನಾನೇ ಎಣಿಸಿದೆ.

ಎರಡನೇ ದಿನ ಅವನು ನನ್ನನ್ನ ಕರ್ಕೊಂಡು ಹೋಗಿದ್ದು ವೇಲ್ಸ್‌ನ ಪೋವಿಸ್ ಕೋಟೆಗೆ. ಅಲ್ಲಿ ಯಾವ ಕನ್ನಡಿಗನೂ ಸುಮ್ಮನೆ ನೋಡಿ ಬರೋಕಾಗಲ್ಲ. ಒಳಗೆ ಕ್ಲೈವ್ ಮ್ಯೂಸಿಯಂ ಅಂತ ಇದೆ. ರಾಬರ್ಟ್ ಕ್ಲೈವ್‌ನ ಮಗ ಎಡ್ವರ್ಡ್ ಕ್ಲೈವ್ 1798ರಿಂದ 1803ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ. 1799ರಲ್ಲಿ ಶ್ರೀರಂಗಪಟ್ಟಣ ಬಿತ್ತಲ್ಲ, ಅದು ಅವನ ಕಾಲದಲ್ಲೇ. ಅವನ ಹೆಂಡತಿ ತವರು ಮನೆ ಈ ಪೋವಿಸ್. ಹಾಗಾಗಿ ಟಿಪ್ಪು ಸುಲ್ತಾನನ ಡೇರೆ ಅಲ್ಲಿದೆ. ಹೂವಿನ ಚಿತ್ತಾರದ ಹತ್ತಿ ಬಟ್ಟೆ. ಎರಡು ಶತಮಾನದ ಮೇಲಾಯ್ತು, ಬಣ್ಣ ಇನ್ನೂ ಇದೆ. ಟಿಪ್ಪುವಿನ ಸಿಂಹಾಸನದ ಮೇಲಿದ್ದ ಚಿನ್ನದ ಹುಲಿತಲೆಗಳಲ್ಲಿ ಒಂದೂ ಅಲ್ಲಿದೆ. ಆ ಮನೆತನದವರು ಈ ಡೇರೆಯನ್ನ ಒಂದು ಕಾಲದಲ್ಲಿ ತೋಟದ ಪಾರ್ಟಿಗೆ ಹಾಕ್ತಿದ್ದರಂತೆ. ಟಿಪ್ಪು ಹೀರೋನೋ ವಿಲನ್ನೋ ಅನ್ನೋ ಚರ್ಚೆ ದಯವಿಟ್ಟು ಇವತ್ತು ಬೇಡ. ಅದಕ್ಕೆ ಪ್ರತಿ ವರ್ಷ ನವೆಂಬರ್ ಬರುತ್ತೆ, ಪ್ಯಾನೆಲ್ ಕೂರುತ್ತೆ. ನಾನು ಹೇಳೋದು ಇಷ್ಟು: ಶ್ರೀರಂಗಪಟ್ಟಣದ ದರಿಯಾ ದೌಲತ್, 1784ರ ಆ ತೇಗದ ಬೇಸಿಗೆ ಅರಮನೆ, ನಮಗೆ 25 ರೂಪಾಯಿಗೆ ಸಿಗುತ್ತೆ. ಅದೇ ಅರಸನ ಡೇರೆ ನೋಡೋಕೆ ಹಾಸನದ ಹುಡುಗ ಪೌಂಡ್‌ನಲ್ಲಿ ಸದಸ್ಯತ್ವ ಕಟ್ಟಿ, ಎರಡು ಗಂಟೆ ಕಾರು ಓಡಿಸಿ ಹೋಗ್ತಾನೆ. ಅವನ ಮಗಳಿಗೆ ದರಿಯಾ ದೌಲತ್ ಗೊತ್ತಿಲ್ಲ, ಈ ಡೇರೆ ಗೊತ್ತು. "ಅಪ್ಪಾ, ಟೈಗರ್ ಕಿಂಗ್ ಟೆಂಟ್" ಅಂತ ನೇರ ಅಲ್ಲಿಗೇ ಓಡಿದಳು. ನನಗೆ ಹೊಟ್ಟೆಯಲ್ಲಿ ಒಂಥರಾ ಆಯ್ತು. ಕೋಪ ಅಂತ ಹೇಳೋಕಾಗಲ್ಲ, ಸಂತೋಷ ಅಂತೂ ಅಲ್ಲ.

ಇಲ್ಲೇ ಸದಸ್ಯತ್ವದ ಇನ್ನೊಂದು ಮುಖ ಕಾಣೋದು. 2020ರಲ್ಲಿ ನ್ಯಾಷನಲ್ ಟ್ರಸ್ಟ್ ಒಂದು ವರದಿ ಹೊರಗೆ ಹಾಕ್ತು. ತನ್ನ 93 ಸ್ಥಳಗಳಿಗೆ ವಸಾಹತುಶಾಹಿ ಜೊತೆ, ಗುಲಾಮರ ವ್ಯಾಪಾರದ ಜೊತೆ ನಂಟಿದೆ ಅಂತ ತಾನೇ ಹೇಳ್ಕೊಳ್ತು. ಸದಸ್ಯರು ಎರಡು ಭಾಗ ಆದ್ರು. ಒಂದು ಗುಂಪು "ನಮ್ಮ ಇತಿಹಾಸಕ್ಕೆ ಮಸಿ ಬಳೀತಿದ್ದೀರಾ" ಅಂತ, ಇನ್ನೊಂದು ಗುಂಪು "ಇಷ್ಟು ದಿನ ಯಾಕೆ ಮುಚ್ಚಿಟ್ರಿ" ಅಂತ. ಜಗಳ ವಾರ್ಷಿಕ ಸಭೆಗೆ ಹೋಯ್ತು, ಆಡಳಿತ ಮಂಡಳಿಯ ಚುನಾವಣೆಗೆ ಹೋಯ್ತು. ಯಾಕಂದ್ರೆ ಅಲ್ಲಿ ಸದಸ್ಯನಿಗೆ ವೋಟಿದೆ. ಕಾರ್ಡ್ ಕೊಟ್ಟಿದ್ದು ಬರೀ ಗೇಟ್ ದಾಟೋಕಲ್ಲ. ಕನ್ನಡಿಗರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕನ್ನಡ ಸಾಹಿತ್ಯ ಪರಿಷತ್ತಿನ ಆಜೀವ ಸದಸ್ಯರು ಪ್ರತಿ ಊರಲ್ಲೂ ಇದ್ದಾರೆ. ಅಧ್ಯಕ್ಷರ ಚುನಾವಣೆ ಬಂದ್ರೆ ಎಂಎಲ್‌ಎ ಚುನಾವಣೆಗೆ ಕಡಿಮೆ ಇಲ್ಲದ ಪ್ರಚಾರ ನಡೆಯುತ್ತೆ. ಆ ಗಲಾಟೆ ನೋಡಿ ನಾವು ನಗ್ತೀವಿ. ಆದರೆ ಗಲಾಟೆ ಮಾಡೋರಿಗೆ ಅದು ತಮ್ಮದು ಅನ್ನಿಸಿದೆ, ಅದಕ್ಕೇ ಗಲಾಟೆ.

ಅಲ್ಲಿ ಎಲ್ಲ ಚಿನ್ನ, ಇಲ್ಲಿ ಎಲ್ಲ ಮಣ್ಣು ಅಂತ ನಾನು ಹೇಳ್ತಿಲ್ಲ. ವಿದೇಶಕ್ಕೆ ಹೋಗಿ ಬಂದವರು ಏರ್‌ಪೋರ್ಟ್‌ನಲ್ಲೇ ಶುರು ಮಾಡೋ ಆ ರಾಗ ನನಗೂ ಆಗಲ್ಲ. ಅಲ್ಲಿನ ವ್ಯವಸ್ಥೆಯಲ್ಲಿ ದೊಡ್ಡ ಓರೆ ಇದೆ. 100 ಪೌಂಡ್ ಒಟ್ಟಿಗೆ ಕೊಡೋಕಾಗೋರಿಗೆ ಇತಿಹಾಸ ಅಗ್ಗ, ಕೊಡೋಕಾಗದೆ ಒಂದು ದಿನಕ್ಕೆ ಟಿಕೆಟ್ ತಗೊಳ್ಳೋ ಬಡ ಕುಟುಂಬಕ್ಕೆ ಅದೇ ಇತಿಹಾಸ ದುಬಾರಿ. ನಮ್ಮ 25 ರೂಪಾಯಿ ಟಿಕೆಟ್ ಆ ವಿಷಯದಲ್ಲಿ ಎಷ್ಟೋ ಮೇಲು. ಇನ್ನೊಂದು, ಸದಸ್ಯರನ್ನೇ ನಂಬಿದ ಸಂಸ್ಥೆಗೆ ಖರ್ಚು ಏರಿದ್ರೆ ತಕ್ಷಣ ಬಿಸಿ ತಟ್ಟುತ್ತೆ. 2025ರಲ್ಲಿ ಈ ಎರಡೂ ಸಂಸ್ಥೆಗಳು ಸಿಬ್ಬಂದಿ ಕಡಿತಕ್ಕೆ ಕೈ ಹಾಕಿದ್ವು. ಚಳಿಗಾಲದಲ್ಲಿ ಎಷ್ಟೋ ಜಾಗ ಬಾಗಿಲು ಹಾಕಿರುತ್ತೆ. ಕಾರ್ಡ್ ಇದ್ದೂ ಕೆಲವು ಕಡೆ ಮುಂಚೆನೇ ಸಮಯ ಬುಕ್ ಮಾಡಬೇಕು.

ಆದರೂ ಒಂದು ಕಥೆ ನನಗೆ ಬಹಳ ಹಿಡಿಸಿತು. ಸ್ಟೋನ್‌ಹೆಂಜ್ ಇದೆಯಲ್ಲ, ಪ್ರಪಂಚಕ್ಕೇ ಗೊತ್ತಿರೋ ಆ ಕಲ್ಲಿನ ವೃತ್ತ, ಅದು ಖಾಸಗಿ ಆಸ್ತಿಯಾಗಿತ್ತು. 1915ರಲ್ಲಿ ಹರಾಜಿಗೆ ಬಂತು. ಸೆಸಿಲ್ ಚಬ್ ಅನ್ನೋನು 6,600 ಪೌಂಡ್‌ಗೆ ಕೂಗಿ ತಗೊಂಡ. ಮೂರು ವರ್ಷ ಇಟ್ಕೊಂಡು 1918ರಲ್ಲಿ ದೇಶಕ್ಕೇ ಬರೆದುಕೊಟ್ಟ. ಸುಮ್ಮನೆ ಕೊಡಲಿಲ್ಲ, ಷರತ್ತು ಹಾಕಿ ಕೊಟ್ಟ: ಪ್ರವೇಶಕ್ಕೆ ಒಂದು ಶಿಲ್ಲಿಂಗ್‌ಗಿಂತ ಹೆಚ್ಚು ತಗೊಳ್ಳಬಾರದು ಅಂತ. ಆ ಶಿಲ್ಲಿಂಗ್ ಯಾವತ್ತೋ ಹೋಯ್ತು. ಆದರೆ ಸುತ್ತಮುತ್ತಲ ಊರಿನವರಿಗೆ ಇವತ್ತಿಗೂ ಅಲ್ಲಿ ಪ್ರವೇಶ ಉಚಿತ. ಕಲ್ಲಿನ ಪಕ್ಕದಲ್ಲಿ ಬದುಕೋರಿಗೆ ಆ ಕಲ್ಲಿನ ಮೇಲೆ ಒಂದು ಹಕ್ಕಿದೆ ಅಂತ ಅವರು ಒಪ್ಪಿದ್ದಾರೆ. ಇದನ್ನ ನಮ್ಮ ಹಂಪಿಯ, ಬಾದಾಮಿಯ, ಐಹೊಳೆಯ ಊರಿನವರ ಮುಂದೆ ಹೇಳಿ ನೋಡಿ. ಅವರು ಕೇಳಿರೋದು ಒಂದೇ ಮಾತು: ಇಲ್ಲಿ ಮನೆ ಕಟ್ಟಬೇಡಿ, ಇಲ್ಲಿ ಅಂಗಡಿ ಹಾಕಬೇಡಿ, ಇಲ್ಲಿಂದ ಎದ್ದೇಳಿ.

ಈಗ ನಮ್ಮ ಕಡೆ ಬರೋಣ. ನೀವು ಹಂಪಿಯಲ್ಲಿ ಕೊಟ್ಟ 40 ರೂಪಾಯಿ ಹಂಪಿಯ ಕಲ್ಲಿಗೆ ಹೋಗುತ್ತೆ ಅಂದ್ಕೊಂಡಿದ್ದೀರಾ? ಅದು ಕೇಂದ್ರ ಸರ್ಕಾರದ ಸಂಚಿತ ನಿಧಿಗೆ ಹೋಗುತ್ತೆ. ಎಎಸ್‌ಐಗೆ ಬಜೆಟ್‌ನಲ್ಲಿ ಬೇರೆ ದುಡ್ಡು ಬರುತ್ತೆ. ದೇಶದಲ್ಲಿ ಮೂರು ಸಾವಿರದ ಆರುನೂರಕ್ಕೂ ಹೆಚ್ಚು ಸಂರಕ್ಷಿತ ಸ್ಮಾರಕಗಳಿವೆ, ಟಿಕೆಟ್ ಇರೋದು ನೂರ ನಲವತ್ತರ ಆಸುಪಾಸಿನಲ್ಲಿ. ಕರ್ನಾಟಕದಲ್ಲೇ ಐನೂರಕ್ಕೂ ಹೆಚ್ಚು, ಟಿಕೆಟ್ ಇರೋದು ಬೆರಳೆಣಿಕೆಯಷ್ಟಕ್ಕೆ. ಗೆದ್ದವರ ದುಡ್ಡು ಸೋತವರಿಗೂ ಹಂಚಬೇಕಲ್ಲ, ಹಾಗಾಗಿ ಒಟ್ಟು ನಿಧಿಗೆ ಹೋಗೋದ್ರಲ್ಲಿ ನ್ಯಾಯ ಇದೆ. ಆದರೆ ಕೊಟ್ಟವನಿಗೂ ಕಲ್ಲಿಗೂ ನಡುವಿನ ದಾರ ಅಲ್ಲಿಗೆ ಕತ್ತರಿಸಿತು.

ಕಂಪನಿಗಳಿಗೆ ಬಾಗಿಲು ತೆರೆದಿದೆ. 2017ರಲ್ಲಿ ಕೇಂದ್ರ ಸರ್ಕಾರ ಸ್ಮಾರಕ ದತ್ತು ಯೋಜನೆ ತಂತು. ಮರುವರ್ಷ ದೆಹಲಿಯ ಕೆಂಪುಕೋಟೆ ದಾಲ್ಮಿಯಾ ಭಾರತ್ ಪಾಲಿಗೆ ಹೋದಾಗ ಎಷ್ಟು ಚರ್ಚೆ ಆಯ್ತು, ನೆನಪಿದೆಯಲ್ಲ. ದತ್ತು ತಗೊಂಡವರಿಗೆ ಒಂದು ಚಂದದ ಹೆಸರು: ಸ್ಮಾರಕ ಮಿತ್ರ. ಶೌಚಾಲಯ, ಕುಡಿಯೋ ನೀರು, ದೀಪ, ಫಲಕ ಮಾಡಿಸಲಿ, ನನಗೆ ತಕರಾರಿಲ್ಲ. ಆದರೆ ಸಿಮೆಂಟ್ ಕಂಪನಿ ಸ್ಮಾರಕಕ್ಕೆ ಮಿತ್ರ ಆದಷ್ಟು ಸುಲಭಕ್ಕೆ ಇಳಕಲ್ಲಿನ ಮೇಷ್ಟ್ರು ಆಗೋಕಾಗಲ್ಲ ಅಂದ್ರೆ ಹೇಗೆ? 1984ರಿಂದ ಇರೋ ಇಂಟ್ಯಾಕ್ ಅನ್ನೋ ಸಂಸ್ಥೆಗೆ ಯಾರು ಬೇಕಾದ್ರೂ ಸದಸ್ಯರಾಗಬಹುದು. ಒಳ್ಳೆ ಕೆಲಸ ಮಾಡ್ತಾರೆ, ಪಟ್ಟಿ ಮಾಡ್ತಾರೆ, ನಡಿಗೆ ಆಯೋಜಿಸ್ತಾರೆ. ಆದರೆ ಆ ಕಾರ್ಡ್ ತೋರಿಸಿ ಬಾದಾಮಿ ಗುಹೆ ಹತ್ತೋಕಾಗಲ್ಲ, ಸ್ಮಾರಕಗಳು ಅವರ ಕೈಯಲ್ಲಿಲ್ಲ.

ಸದಸ್ಯತ್ವ ಅನ್ನೋದು ನಮಗೆ ಪರಕೀಯ ಕಲ್ಪನೆ ಅಂತ ಯಾರಾದ್ರೂ ಹೇಳಿದ್ರೆ ನಾನು ಒಪ್ಪಲ್ಲ. ನಮ್ಮ ದೇವಸ್ಥಾನಗಳಲ್ಲಿ ಶಾಶ್ವತ ಪೂಜೆ ಅಂತ ಇಲ್ಲವಾ? ಒಂದು ಸಲ ದುಡ್ಡು ಕಟ್ಟಿದ್ರೆ ಪ್ರತಿ ವರ್ಷ ಅಜ್ಜನ ಹೆಸರಲ್ಲಿ, ಅದೇ ತಿಥಿಗೆ ಪೂಜೆ ಆಗಿ, ಕುಂಕುಮ, ಕಲ್ಲುಸಕ್ಕರೆ ಅಂಚೆಯಲ್ಲಿ ಮನೆಗೆ ಬರುತ್ತೆ. ಲಕೋಟೆ ಬಂದ ದಿನ ಅಜ್ಜಿ ಹೇಳ್ತಾಳೆ, "ಈ ವರ್ಷ ಒಂದ್ಸಲ ಹೋಗಿ ಬರಬೇಕು ಕಣೋ." ಸಂಬಂಧ ಇಟ್ಕೊಳ್ಳೋದು ಹೀಗೆ. ಮೈಸೂರು ಮೃಗಾಲಯದಲ್ಲಿ ಪ್ರಾಣಿ ದತ್ತು ಯೋಜನೆ ಇದೆ. ಮಗುವಿನ ಹುಟ್ಟುಹಬ್ಬಕ್ಕೆ ಒಂದು ಗಿಣಿನೋ ಜಿಂಕೆನೋ ದತ್ತು ತಗೊಂಡ ಮಧ್ಯಮ ವರ್ಗದ ಮನೆಗಳು ಎಷ್ಟೋ ಇವೆ. ಆ ಮಗು ಮುಂದಿನ ಸಲ ಹೋದಾಗ ಹುಲಿ ನೋಡೋಕೆ ಮುಂಚೆ ತನ್ನ ಗಿಣಿ ನೋಡುತ್ತೆ.

ವಾರ್ಷಿಕ ಪಾಸ್ ಮಾಡೋದು ಸರ್ಕಾರಕ್ಕೆ ಕಷ್ಟವಾ? 2025ರ ಆಗಸ್ಟ್ 15ರಿಂದ ಹೆದ್ದಾರಿ ಟೋಲ್‌ಗೆ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂತು. ಬಂದಾಗ 3,000 ರೂಪಾಯಿ, ಒಂದು ವರ್ಷ ಇಲ್ಲಾ 200 ಸಲ. ಟೋಲ್ ಗೇಟ್‌ನಲ್ಲಿ ನಿಮ್ಮ ಕಾರನ್ನ ವರ್ಷಪೂರ್ತಿ ಗುರುತಿಸೋ ತಂತ್ರಜ್ಞಾನ ನಮ್ಮ ಹತ್ತಿರ ಇದೆ. ವಿಠ್ಠಲ ದೇವಸ್ಥಾನದ ಗೇಟ್‌ನಲ್ಲಿ ನಿಮ್ಮನ್ನ ಗುರುತಿಸೋ ಒಂದು ಕಾರ್ಡ್ ಇಲ್ಲ. ಹಂಪಿಗೆ ಹೋಗೋ ರಸ್ತೆಗೆ ಪಾಸುಂಟು, ಹಂಪಿಗಿಲ್ಲ.

ಗೇಟಿನ ಅನುಭವವನ್ನೂ ಹೇಳಿಬಿಡ್ತೀನಿ. ನಮ್ಮ ರಾಜ್ಯದ ಒಂದು ಸ್ಮಾರಕ, ಹೆಸರು ಬೇಡ. ಏಪ್ರಿಲ್ ಬಿಸಿಲು. ನಗದು ತಗೊಳ್ಳಲ್ಲ, ಕ್ಯೂಆರ್ ಸ್ಕ್ಯಾನ್ ಮಾಡಿ ಅಂದ್ರು. ನೆಟ್‌ವರ್ಕ್ ಇಲ್ಲ. ನನ್ನ ಮುಂದೆ ವಯಸ್ಸಾದ ಗಂಡ ಹೆಂಡತಿ, ಕೈಯಲ್ಲಿ ಬಟನ್ ಫೋನು, ಸೊಂಟದ ಚೀಲದಲ್ಲಿ ಮಡಚಿದ ಐವತ್ತರ ನೋಟು. ಅವರ ನೋಟಿಗೆ ಅಲ್ಲಿ ಬೆಲೆ ಇಲ್ಲ. ಕೊನೆಗೆ ಒಬ್ಬ ಕಾಲೇಜು ಹುಡುಗ ಕೋಟೆ ಗೋಡೆ ಪಕ್ಕ ಸಿಗ್ನಲ್ ಹುಡುಕಿ ತನ್ನ ಫೋನಿಂದ ಅವರದ್ದೂ ಕಟ್ಟಿ, ಅವರ ನೋಟು ವಾಪಸ್ ಕೊಟ್ಟ. ಅಜ್ಜಿ ಅವನ ತಲೆ ಮುಟ್ಟಿ, "ನಮ್ಮ ಊರಿಗೆ ಬಾಪ್ಪಾ, ಊಟ ಹಾಕ್ತೀನಿ" ಅಂದ್ಳು. ಇಪ್ಪತ್ತೈದು ರೂಪಾಯಿ ಟಿಕೆಟ್‌ಗೆ ಇಪ್ಪತ್ತು ನಿಮಿಷ.

ಇದರಲ್ಲಿ ನಷ್ಟ ಏನು ಅಂತ ಕೇಳೋರಿಗೆ ಎರಡು ಘಟನೆ. 2019ರ ಫೆಬ್ರವರಿ. ಹಂಪಿಯ ಆನೆ ಲಾಯದ ಹಿಂದೆ ಕೆಲವು ಹುಡುಗರು ಕಲ್ಲಿನ ಕಂಬ ಉರುಳಿಸೋ ವಿಡಿಯೊ ಬಂತು. ಎಲ್ಲ ಚಾನೆಲ್‌ಗಳಲ್ಲೂ ದಿನವಿಡೀ ಅದೇ ಓಡ್ತು. ನ್ಯಾಯಾಲಯ ತಲಾ 70 ಸಾವಿರ ದಂಡ ಹಾಕಿ, ಕಂಬವನ್ನ ಅವರ ಕೈಯಲ್ಲೇ ಎತ್ತಿ ನಿಲ್ಲಿಸಿತು. ಒಳ್ಳೆ ತೀರ್ಪು. ಇನ್ನೊಂದು ಅಷ್ಟು ಸದ್ದು ಮಾಡಲಿಲ್ಲ. 2020ರ ನವೆಂಬರ್, ಹಾಸನದ ಹತ್ತಿರದ ದೊಡ್ಡಗದ್ದವಳ್ಳಿ. ಲಕ್ಷ್ಮೀ ದೇವಸ್ಥಾನದಲ್ಲಿ ಮಹಾಕಾಳಿಯ ವಿಗ್ರಹ ಒಡೆದು ಬಿದ್ದಿತ್ತು. ಆಮೇಲೆ ಎಎಸ್‌ಐನವರು ಜೋಡಿಸಿ ಸರಿಮಾಡಿದ್ರು. ನಾಲ್ಕು ಗರ್ಭಗುಡಿಯ ಅಪರೂಪದ ಹೊಯ್ಸಳ ಗುಡಿ ಅದು. ಬೇಲೂರಿಗೆ ಬಸ್ಸುಗಟ್ಟಲೆ ಹೋಗೋ ಜನ ಅದೇ ದಾರಿಯಲ್ಲಿ ತಿರುವು ದಾಟಿ ಹೋಗ್ತಾರೆ, ತಿರುಗಲ್ಲ. ಟಿಕೆಟ್ ಇರೋ ಜಾಗಕ್ಕೆ ಕಾವಲು ಇರುತ್ತೆ, ಜನ ಇರ್ತಾರೆ. ಇಲ್ಲದ ಜಾಗಕ್ಕೆ ನಾಲ್ಕು ಕಣ್ಣು ಬೀಳಬೇಕಾದ್ರೆ ನಮ್ಮ ಕೈಗೆ ಯಾರೋ ಪಟ್ಟಿ ಕೊಡಬೇಕು. ಅಲ್ಲಿ ಸದಸ್ಯನಾದವನಿಗೆ ಒಂದು ದಪ್ಪ ಕೈಪಿಡಿ ಸಿಗುತ್ತೆ. ಗೆಳೆಯನ ಕಾರಿನಲ್ಲಿ ಅದು ಇತ್ತು, ಹೋದ ಕಡೆಯೆಲ್ಲ ಟಿಕ್ ಹಾಕಿದ್ದ. ಆ ಟಿಕ್‌ನ ಹುಚ್ಚೇ ಅವನನ್ನ ಹೆಸರು ಕೇಳದ ಹಳ್ಳಿಗಳಿಗೆ ಕರ್ಕೊಂಡು ಹೋಗಿತ್ತು.

ಹಾಗಾಗಿ ನನ್ನ ಬೇಡಿಕೆ ಸಣ್ಣದು. ಕರ್ನಾಟಕಕ್ಕೆ ಒಂದು ಕುಟುಂಬ ಪಾಸ್. ವರ್ಷಕ್ಕೆ 500 ರೂಪಾಯಿ ಇರಲಿ. 25 ರೂಪಾಯಿಯ ಟಿಕೆಟ್ ಹಾಗೇ ಇರಲಿ, ಅದನ್ನ ಮುಟ್ಟಬೇಡಿ. ಪಾಸ್ ದುಡ್ಡು ಟಿಕೆಟ್ ಇಲ್ಲದ ಗುಡಿ, ಕೋಟೆ, ಬಸದಿಗಳ ಪ್ರತ್ಯೇಕ ಖಾತೆಗೆ ಹೋಗಲಿ. ಎಷ್ಟು ಬಂತು, ಎಲ್ಲಿ ಖರ್ಚಾಯ್ತು ಅನ್ನೋ ಒಂದು ಹಾಳೆ ವರ್ಷಕ್ಕೊಮ್ಮೆ ಮನೆಗೆ ಬರಲಿ, ಶಾಶ್ವತ ಪೂಜೆಯ ಲಕೋಟೆ ಬಂದ ಹಾಗೆ. ಸ್ಮಾರಕದ ಸುತ್ತಲಿನ ಊರಿನವರಿಗೆ ಪಾಸ್ ಉಚಿತ. ಜೊತೆಗೆ ಕನ್ನಡದಲ್ಲಿ ಒಂದು ಕೈಪಿಡಿ, ಐನೂರೂ ಜಾಗದ ಹೆಸರು, ದಾರಿ, ಬಾಗಿಲು ತೆಗೆಯೋ ಸಮಯ.

ದೊಡ್ಡಗದ್ದವಳ್ಳಿ ಗುಡಿಯನ್ನ ಕಟ್ಟಿಸಿದ್ದು ರಾಜ ಅಲ್ಲ. ವಿಷ್ಣುವರ್ಧನನ ಕಾಲದ ಒಬ್ಬ ವರ್ತಕ ಮತ್ತು ಅವನ ಹೆಂಡತಿ ಸಹಜಾದೇವಿ. ಒಂಬೈನೂರು ವರ್ಷ ಆಯ್ತು, ಆ ಹೆಣ್ಣುಮಗಳ ಹೆಸರು ಇವತ್ತಿಗೂ ನಮಗೆ ಗೊತ್ತು.

ಇಂಥ ಪಾಸ್ ಬಂದ್ರೆ ನೀವು ತಗೊಳ್ತೀರಾ? 500 ಜಾಸ್ತಿನಾ, ಕಡಿಮೆನಾ? ನಿಮ್ಮೂರಲ್ಲಿ ಟಿಕೆಟ್ ಇಲ್ಲದ, ಬೋರ್ಡೂ ಇಲ್ಲದ ಯಾವ ಗುಡಿ, ಯಾವ ಕೋಟೆ, ಯಾವ ಬಾವಿ ಇದೆ? ಊರಿನ ಹೆಸರು, ತಾಲ್ಲೂಕು ಹಾಕಿ ಬರೀರಿ. ಮುಂದಿನ ಶನಿವಾರ ಇದೇ ಹೊತ್ತಿಗೆ ನಿಮ್ಮ ಪಟ್ಟಿ ಓದ್ತೀನಿ.